ಕಾವಲುಗಾರ ಕೂಗಬೇಕಾದದ್ದು ಕನ್ನಡದಲ್ಲಿ!

ಕನ್ನಡದ ತರುಣ ತರುಣಿಯರೇ,

ಬ್ಯಾಂಕಿನ ಚಲನ್ನಿನಲ್ಲಿ ಕನ್ನಡವಿಲ್ಲದಿದ್ದರೆ ನೀವು ಮ್ಯಾನೇಜರರ ಎದುರು ನಿಂತು ಕೇಳುತ್ತೀರಿ. ಅಂಗಡಿ ಬೋರ್ಡಿನಲ್ಲಿ ಕನ್ನಡ ಮೂಲೆಗೆ ಬಿದ್ದಿದ್ದರೆ ಬಾಗಿಲಿಗೆ ಹೋಗಿ ಧರಣಿ ಕೂರುತ್ತೀರಿ. ಕೇಳಲೇಬೇಕು, ಕೂರಲೇಬೇಕು, ಎರಡು ಮಾತಿಲ್ಲ. ಆದರೆ ನಿಮ್ಮದೇ ಮನೆಯ ಮೇಜಿನ ಮೇಲಿನ ಕಂಪ್ಯೂಟರು ಅಪಾಯ ಬಂತೆಂದು ಇಂಗ್ಲಿಷಿನಲ್ಲಿ ಕಿರುಚಿದಾಗ ನಿಮ್ಮ ಅಮ್ಮ ಏನು ಮಾಡುತ್ತಾರೆ, ನೋಡಿದ್ದೀರಾ? ಯಾವ ಗುಂಡಿ ದೊಡ್ಡದಾಗಿ ಕಾಣುತ್ತದೋ ಅದನ್ನು ಒತ್ತುತ್ತಾರೆ. ಅದು 'ಬ್ಲಾಕ್' ಆಗಿರಬಹುದು, 'ಅಲೋ' ಆಗಿರಬಹುದು. ದೇವರೇ ಗತಿ!

ಆಂಟಿವೈರಸ್ ಎಂದರೆ ಕಾವಲುಗಾರ. ರಾತ್ರಿ ಕಾಯಲು ಇಟ್ಟವನು ಕಳ್ಳ ಬಂದಾಗ ನಮಗೆ ತಿಳಿಯದ ಭಾಷೆಯಲ್ಲಿ ಕೂಗಿದರೆ ನಾವು ಮಗ್ಗುಲು ಬದಲಿಸಿ ಮಲಗುತ್ತೇವೆ. ಯಾವ ಆಂಟಿವೈರಸ್ ಹಾಕಿಸಲಿ ಎಂದು ನನ್ನ ಪ್ರೆಸ್ಸಿಗೆ ಬರುವ ಹುಡುಗರು ಕೇಳುತ್ತಲೇ ಇರುತ್ತಾರೆ. ರೇಟು ಕೇಳುತ್ತಾರೆ, ಕಂಪ್ಯೂಟರ್ ಸ್ಲೋ ಆಗುತ್ತದೆಯೇ ಎಂದು ಕೇಳುತ್ತಾರೆ. ಅದು ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂದು ಇದುವರೆಗೆ ಒಬ್ಬನೂ ಕೇಳಿಲ್ಲ.

ಪ್ರೆಸ್ಸಿನವನನ್ನೇ ಯಾಕೆ ಕೇಳುತ್ತಾರೆ ಎಂದರೆ, ಊರಿನ ಪೆನ್‌ಡ್ರೈವುಗಳೆಲ್ಲ ಸೇರುವ ಸಂತೆ ಪ್ರೆಸ್ಸು. ಸದಾಶಿವಗಡದ ನನ್ನ ಮುದ್ರಣಾಲಯಕ್ಕೆ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಸಹಕಾರಿ ಸಂಘದ ವರದಿ ಬರುವುದು ಪೆನ್‌ಡ್ರೈವಿನಲ್ಲಿ. ಜೊತೆಗೆ ವೈರಸ್ಸೂ ಬರುತ್ತದೆ. ನಿಜವಾದ ಫೋಲ್ಡರನ್ನು ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಇಡುವ ಜಾತಿಯದೇ ಹೆಚ್ಚು. ಫೋಲ್ಡರೆಂದು ನಂಬಿ ಒತ್ತಿದಿರೋ, ನಿಮ್ಮ ಯಂತ್ರಕ್ಕೂ ಹತ್ತಿತು. "ಫೈಲೇ ಇಲ್ಲ ಮಾರಾಯ್ರೇ, ಮದುವೆ ಹತ್ತಿರ ಬಂತು" ಎಂದು ಗಿರಾಕಿ ಅಳುಮೋರೆ ಹಾಕುತ್ತಾನೆ. ಫೈಲು ಅಲ್ಲೇ ಅಡಗಿರುತ್ತದೆ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ 'ಬ್ರೇನ್' ವೈರಸ್ಸಿನೊಳಗೆ ಅವರ ವಿಳಾಸ, ಫೋನ್ ನಂಬರೂ ಇತ್ತು. ಇವತ್ತಿನ ಕಳ್ಳರಿಗೆ ಅಷ್ಟು ಮರ್ಯಾದೆಯೂ ಇಲ್ಲ.

ಪೆನ್‌ಡ್ರೈವಿನ ವೈರಸ್ಸಿಗಿಂತ ದೊಡ್ಡ ಕಾಯಿಲೆ ಹೆದರಿಕೆ. ನನ್ನ ಗಿರಾಕಿಯೊಬ್ಬರು, ನಿವೃತ್ತ ಕನ್ನಡ ಶಾಲೆ ಮಾಸ್ತರರು. ಮನೆಮಾತು ಕೊಂಕಣಿ, ಓದು ಬರಹವೆಲ್ಲ ಕನ್ನಡ. ಕಾಳಿ ನದಿಯ ಈ ದಡದಲ್ಲಿ ನಮ್ಮೆಲ್ಲರ ಬಾಳೂ ಹಾಗೇ. ಒಂದು ದಿನ ಅವರ ಕಂಪ್ಯೂಟರಿನ ತುಂಬ ಕೆಂಪು ಅಕ್ಷರ, ಕಿವಿ ಕೊರೆಯುವ ಬೀಪ್ ಸದ್ದು, ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ, ಕೆಳಗೊಂದು ಫೋನ್ ನಂಬರು. ಮಾಸ್ತರರು ಫೋನ್ ಮಾಡಿದರು. ಆ ಕಡೆಯವನು ಹಿಂದಿಯಲ್ಲಿ ನಯವಾಗಿ ಮಾತಾಡಿ, ದೂರದಿಂದಲೇ ಕಂಪ್ಯೂಟರ್ ನಡೆಸುವ ತಂತ್ರಾಂಶ ಹಾಕಿಸಿ, 'ಆಂಟಿವೈರಸ್ ನವೀಕರಣ'ಕ್ಕೆಂದು ಒಂಬತ್ತು ಸಾವಿರ ರೂಪಾಯಿ ಕಿತ್ತ. ಆಮೇಲೆ ನಾನು ಹೋಗಿ ನೋಡಿದರೆ ವೈರಸ್ಸೇ ಇಲ್ಲ! ಅದು ಬ್ರೌಸರಿನೊಳಗಿನ ಬರೀ ಜಾಹೀರಾತು. ಯಾವುದೋ ಜಾಲತಾಣ 'ಅಲೋ' ಎಂದು ಕೇಳಿದಾಗ ಅವರು ಒತ್ತಿದ್ದರು, ಅಷ್ಟೆ. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ಆ ತಾಣದ ನೋಟಿಫಿಕೇಷನ್ ಬಂದ್ ಮಾಡಿದ ಮೇಲೆ ಎಲ್ಲ ತಣ್ಣಗಾಯಿತು.

ಇಂಥ ಕಂಪನಿ ನಡೆಸುವವರು ಒಬ್ಬಿಬ್ಬರಲ್ಲ. ಮೈಕ್ರೋಸಾಫ್ಟ್, ಅಮೆಜಾನ್ ಹೆಸರು ಹೇಳಿ ವಿದೇಶೀಯರನ್ನು ಸುಲಿಯುತ್ತಿದ್ದ ಕಾಲ್ ಸೆಂಟರುಗಳ ಮೇಲೆ ಸಿಬಿಐ 2023ರ ಅಕ್ಟೋಬರಿನಲ್ಲಿ 'ಆಪರೇಷನ್ ಚಕ್ರ-2' ಎಂದು ದಾಳಿ ಮಾಡಿತು. ಇಂಗ್ಲಿಷ್ ಬಲ್ಲ ವಿದೇಶೀಯನೇ ಮೋಸ ಹೋದ ಮೇಲೆ ಇಂಗ್ಲಿಷ್ ಓದಲು ತಡವರಿಸುವ ನಮ್ಮ ಮಾಸ್ತರರ ಪಾಡೇನು? ನಿಮ್ಮ ಮನೆಯಲ್ಲಿ ಹೀಗಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಈಗ ಆಯ್ಕೆಯ ಮಾತು. ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಪುಕ್ಕಟೆಯಾಗಿ ಜೊತೆಗೇ ಬರುತ್ತದೆ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯ ಪರೀಕ್ಷೆಗಳಲ್ಲಿ ಅದು ಹಲವು ಸಲ ದುಡ್ಡಿನ ಆಂಟಿವೈರಸ್ಸುಗಳ ಸಮಕ್ಕೆ ಅಂಕ ಪಡೆದಿದೆ. ಮನೆಯ ಬಳಕೆಗೆ ಅದು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಲ್ಯಾಪ್‌ಟಾಪಿನಲ್ಲಿ ತುಂಬಿಸಿ ಕೊಟ್ಟ 'ಒಂದು ತಿಂಗಳು ಉಚಿತ'ದ ಮಾಲು ಅವಧಿ ಮುಗಿದ ಮೇಲೆ ಬರೀ ಗೋಳು ಹೊಯ್ದುಕೊಳ್ಳುತ್ತದೆ. ತೆಗೆದು ಹಾಕಿ, ಡಿಫೆಂಡರ್ ತಾನೇ ಎದ್ದು ನಿಲ್ಲುತ್ತದೆ. ಪುಕ್ಕಟೆ ಕೊಡುವವರೆಲ್ಲ ಧರ್ಮಾತ್ಮರೆಂದೂ ತಿಳಿಯಬೇಡಿ. ಬಳಕೆದಾರರು ಜಾಲದಲ್ಲಿ ಏನೇನು ನೋಡಿದರು ಎಂಬ ಮಾಹಿತಿ ಮಾರಿದ ಆರೋಪದ ಮೇಲೆ ಅವಾಸ್ಟ್ ಕಂಪನಿ 1.65 ಕೋಟಿ ಡಾಲರ್ ಕಟ್ಟಬೇಕೆಂದು ಅಮೆರಿಕದ ವಾಣಿಜ್ಯ ಆಯೋಗ 2024ರಲ್ಲಿ ಹೇಳಿತು. ಕಾಯುವವನೇ ಬೇಲಿ ಮೇಯ್ದ ಕಥೆ!

ಅಪ್‌ಡೇಟ್ ಮಾತ್ರ ತಪ್ಪಿಸಬೇಡಿ. 2017ರ ಮೇ ತಿಂಗಳಲ್ಲಿ ನೂರೈವತ್ತು ದೇಶಗಳನ್ನು ನಡುಗಿಸಿದ 'ವಾನ್ನಾಕ್ರೈ'ಗೆ ಮದ್ದು ಅದೇ ವರ್ಷದ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಫೈಲು ಕಳೆದುಕೊಂಡರು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ನೆನಪಿರಲಿ.

ಇನ್ನೊಂದು ಮಾತು, ಕನ್ನಡದ ಹೆಸರಿನಲ್ಲಿ ನಡೆಯುವ ಕಳ್ಳತನದ್ದು. ದುಡ್ಡಿನ ಕನ್ನಡ ತಂತ್ರಾಂಶಗಳ ಕದ್ದ ಪ್ರತಿಗಳು ಡಿಟಿಪಿ ಅಂಗಡಿಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತವೆ. ಅದರ ಜೊತೆಗಿನ ಚೀಟಿಯಲ್ಲಿ ಮೊದಲ ಸಾಲೇ 'ಆಂಟಿವೈರಸ್ ಆಫ್ ಮಾಡಿ' ಎಂದಿರುತ್ತದೆ. ಮನೆಗೆ ಬರುವವನು ನಾಯಿ ಕಟ್ಟಿಹಾಕಿ ಎಂದರೆ ಅವನು ಯಾರೆಂದು ಯೋಚಿಸಬೇಡವೇ? ಕನ್ನಡ ಗಣಕ ಪರಿಷತ್ತಿನ 'ನುಡಿ' ಉಚಿತವಾಗಿಯೇ ಸಿಗುತ್ತದೆ. ಕೆಲವು ಆಂಟಿವೈರಸ್ಸು ಕನ್ನಡ ಕೀಲಿಮಣೆ ತಂತ್ರಾಂಶವನ್ನೇ ಅನುಮಾನಿಸುವುದುಂಟು. ನೀವು ಒತ್ತಿದ ಕೀಲಿಯನ್ನು ನಡುವೆ ಹಿಡಿದು ಕನ್ನಡ ಅಕ್ಷರ ಮಾಡುವುದು ಅದರ ಕೆಲಸ, ಪಾಸ್‌ವರ್ಡ್ ಕದಿಯುವವನು ಹಿಡಿಯುವುದೂ ಅದೇ ಕೀಲಿಯನ್ನು. ಹಾಗೆಂದು ಕಾವಲನ್ನೇ ತೆಗೆಯಬೇಡಿ. ತಯಾರಕರಿಂದಲೇ ಇಳಿಸಿಕೊಂಡದ್ದಾದರೆ ಆ ಒಂದು ಫೈಲಿಗೆ ಮಾತ್ರ ವಿನಾಯಿತಿ ಕೊಡಿ. ಇಲ್ಲವೇ ವಿಂಡೋಸಿನೊಳಗೇ ಇರುವ ಕನ್ನಡ ಕೀಲಿಮಣೆ ಬಳಸಿ.

ಮತ್ತೆ ಭಾಷೆಗೆ ಬರೋಣ. ಮೆಕಾಫಿಗೆ ಬೆಂಗಳೂರಿನಲ್ಲಿ ಕಚೇರಿಯಿದೆ. ಕ್ವಿಕ್ ಹೀಲ್ ಪುಣೆಯದು, ಕೆ7 ಚೆನ್ನೈಯದು. ಕನ್ನಡಿಗನ ದುಡ್ಡು ಇವರೆಲ್ಲರಿಗೂ ಬೇಕು. ಕೊಳ್ಳುವ ಮೊದಲು ಎರಡೇ ಪ್ರಶ್ನೆ ಕೇಳಿ: ಎಚ್ಚರಿಕೆ ಕನ್ನಡದಲ್ಲಿ ಬರುತ್ತದೆಯೇ? ಸಹಾಯವಾಣಿಯಲ್ಲಿ ಕನ್ನಡ ಮಾತಾಡುವವರು ಇದ್ದಾರೆಯೇ? ಇಲ್ಲವೆಂದರೆ ದುಡ್ಡೂ ಇಲ್ಲ. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಸರ್ಕಾರ 2025ರ ಫೆಬ್ರವರಿಯಲ್ಲಿ ಆದೇಶಿಸಿತು. ಸಾಬೂನಿನ ಪೊಟ್ಟಣಕ್ಕೆ ಬೇಕಾದ ಕನ್ನಡ, ಮನೆಯ ದುಡ್ಡು ಕಾಯುವ ತಂತ್ರಾಂಶಕ್ಕೆ ಬೇಡವೇ?

ವಿಂಡೋಸಿಗೆ ಕನ್ನಡದ ಮುಖವಿದೆ, ಉಚಿತವಾಗಿ ಸಿಗುತ್ತದೆ. ಅನುವಾದ ಅಲ್ಲಲ್ಲಿ ನಗು ಬರಿಸಿದರೂ ಅಮ್ಮನಿಗೆ ಅರ್ಥವಾಗುತ್ತದೆ. ಆದರೆ ಇಲ್ಲೊಂದು ಹುನ್ನಾರ ನೋಡಿ! ನಮ್ಮಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇರುವುದು 'ಹೋಮ್ ಸಿಂಗಲ್ ಲಾಂಗ್ವೇಜ್' ಎಂಬ ವಿಂಡೋಸು. ಹೆಸರೇ ಹೇಳುವಂತೆ ಒಂದೇ ಭಾಷೆ, ಆ ಭಾಷೆ ಇಂಗ್ಲಿಷು. ಕನ್ನಡದಲ್ಲಿ ಟೈಪು ಮಾಡಬಹುದು, ಪರದೆಯ ಭಾಷೆ ಕನ್ನಡ ಮಾಡಲು ಬಿಡುವುದಿಲ್ಲ. ಕಾರವಾರದಲ್ಲೇ ಕೊಳ್ಳಿ, ಗಡಿ ದಾಟಿ ಮಡಗಾಂವಿಗೆ ಹೋಗಿಯೇ ಕೊಳ್ಳಿ, ದುಡ್ಡು ಎಣಿಸುವ ಮೊದಲು ಪೆಟ್ಟಿಗೆ ತೆರೆಸಿ. ಸೆಟ್ಟಿಂಗ್ಸಿನಲ್ಲಿ 'ಸಿಸ್ಟಂ', ಅದರಲ್ಲಿ 'ಅಬೌಟ್' ಒತ್ತಿದರೆ 'ಎಡಿಷನ್' ಎಂಬ ಸಾಲು ಕಾಣುತ್ತದೆ. ಅಲ್ಲಿ 'ಸಿಂಗಲ್ ಲಾಂಗ್ವೇಜ್' ಎಂದಿದ್ದರೆ ಅಂಗಡಿಯವನಿಗೆ ಹೇಳಿ: ಇದು ಬೇಡ, ಕನ್ನಡ ಹಾಕಿಕೊಳ್ಳಲು ಬರುವುದನ್ನು ತರಿಸಿ ಕೊಡು, ನಾನು ನಾಳೆ ಬರುತ್ತೇನೆ.