ಕೈಕೊಟ್ಟ ಕೈಫೋನು

ಗೋಡೆಗೆ ತಂತಿ ಹಾಯಿಸಿ ಕೂರಿಸಿದ್ದ ಕರಿಯ ದೂರವಾಣಿಯ ಕಾಲದಲ್ಲಿ ಯಂತ್ರವು ಮೂಕವಾದರೆ ಮನೆಯ ಯಜಮಾನನಿಗೆ ಹೆಚ್ಚಿನ ಚಿಂತೆಯಿರಲಿಲ್ಲ. ಯಂತ್ರ ಅವನದಲ್ಲ, ಇಲಾಖೆಯದು. 198ಕ್ಕೆ ದೂರು ಬರೆಸಿದರೆ (ಬರೆಸಲು ನೆರೆಮನೆಯ ದೂರವಾಣಿ ಬೇಕಾಗುತ್ತಿತ್ತೆಂಬುದು ಬೇರೆ ಮಾತು) ಲೈನ್‌ಮನ್ ಬರುವನು. ಯಂತ್ರವೇ ಕೆಟ್ಟಿದ್ದರೆ ಬೇರೊಂದನ್ನು ಇರಿಸಿ ಹೋಗುವನು. ಎಷ್ಟು ದಿನಕ್ಕೆ ಬರುವನೆಂದು ಮಾತ್ರ ಕೇಳಬಾರದು. ಅಮೆರಿಕದಲ್ಲಿ ಆ ಪದ್ಧತಿಯ ಛಾಯೆ ಇಂದಿಗೂ ಉಂಟು. ಅಲ್ಲಿ ಅನೇಕರು ಸ್ಮಾರ್ಟ್‌ಫೋನನ್ನು ಸೇವಾ ಸಂಸ್ಥೆಯಿಂದಲೇ ಕಂತಿನ ಮೇಲೆ ಕೊಳ್ಳುವುದರಿಂದ, ಕೆಟ್ಟಾಗ ಬದಲಿಯನ್ನು ಕೇಳಲು ಹೋಗುವುದೂ ಅಲ್ಲಿಗೇ.

ನಮ್ಮಲ್ಲಿ ಸಾಮಾನ್ಯವಾಗಿ ಸಿಮ್ ಒಬ್ಬರದು, ಯಂತ್ರ ಇನ್ನೊಬ್ಬರದು, ಅಂಗಡಿ ಮೂರನೆಯವರದು. ಕೊಳ್ಳುವಾಗ ಮೂವರೂ ಒಂದೇ ಬಾಯಿಂದ ನಗುತ್ತಾರೆ. ಕೆಟ್ಟಾಗ ಮೂವರ ಬೆರಳೂ ಪರಸ್ಪರರತ್ತ ತಿರುಗುತ್ತದೆ.

ಹಿಂದೆ ಪುತ್ತೂರಿಗೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಪೆರಾಬೆಯಂತಹ ಊರಿನಲ್ಲಿ ಇದು ಕೇವಲ ತಮಾಷೆಯ ಸಂಗತಿಯಲ್ಲ. ತೋಟಗಳ ನಡುವೆ ಒಂಟಿಯಾಗಿ ನಿಂತ ಮನೆ. ಮಗನು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವನು. ಅವನ ದನಿ ಬರುವುದೂ ಬ್ಯಾಂಕಿನ ಗುಪ್ತಸಂಖ್ಯೆ ಬರುವುದೂ ಅಡಿಕೆಯ ಧಾರಣೆ ತಿಳಿಯುವುದೂ ಆ ಒಂದೇ ಯಂತ್ರದಲ್ಲಿ. ಅದು ಕೆಟ್ಟ ರಾತ್ರಿ ವೃದ್ಧ ತಾಯಿಗೆ ಎದೆನೋವು ಬಂದರೆ ಯಾರನ್ನು ಕರೆಯುವುದು? ಅದಕ್ಕಾಗಿ, ಬಟನ್ನಿನ ಹಳೆಯ ಫೋನೊಂದನ್ನು ಚಾರ್ಜು ತುಂಬಿಸಿ ಕಪಾಟಿನಲ್ಲಿಟ್ಟಿರುವ ಗೃಹಿಣಿಯನ್ನು ಜಿಪುಣಳೆಂದು ಹೀಯಾಳಿಸಬಾರದು.

ಬಸ್ಸು ಹತ್ತುವ ಮೊದಲು ಸಿಮ್ಮನ್ನು ತೆಗೆದು ಬೇರೊಂದು ಫೋನಿಗೆ ಹಾಕಿ ನೋಡುವುದು ಲೇಸು. ಅಲ್ಲಿಯೂ ಅದು ಸುಮ್ಮನಿದ್ದರೆ ದೋಷವು ಸಿಮ್ಮಿನದೋ ಜಾಲದ್ದೋ ಇರಬಹುದು. ಸೇವಾ ಸಂಸ್ಥೆಯವರು ಗುರುತಿನ ಚೀಟಿ ನೋಡಿ ಬದಲಿ ಸಿಮ್ ಕೊಡುವರು. ಆದರೆ ವಂಚನೆ ತಡೆಯುವುದಕ್ಕಾಗಿ, ಬದಲಿ ಸಿಮ್ಮಿಗೆ ಮೊದಲ 24 ಗಂಟೆ ಕಿರುಸಂದೇಶಗಳನ್ನು ನಿರ್ಬಂಧಿಸುವ ಏರ್ಪಾಡುಂಟು. ಬ್ಯಾಂಕಿನ ಕೆಲಸವಿರುವ ದಿನ ಆ ಗೊಡವೆ ಬೇಡ.

ಸಿಮ್ ಚೆನ್ನಾಗಿದ್ದರೆ ದೋಷ ಯಂತ್ರದ್ದೇ. ಆಗ ತಯಾರಕರ ಸೇವಾ ಕೇಂದ್ರವನ್ನು ಹುಡುಕಿಕೊಂಡು ಪುತ್ತೂರಿಗೋ ಮಂಗಳೂರಿಗೋ ಪ್ರಯಾಣ. ದಕ್ಷಿಣ ಕನ್ನಡದವರಿಗೆ ಅಲ್ಲಿ ಕಾದಿರುವ ಗಂಡಾಂತರ ಒಂದುಂಟು. ಫೋನಿನ ಒಳಗೆ ಬಿಳಿಯ ಪುಟ್ಟ ಚೀಟಿಯೊಂದನ್ನು ಅಂಟಿಸಿರುತ್ತಾರೆ. ನೀರು ಸೋಕಿದರೆ ಅದು ಕೆಂಪಾಗುತ್ತದೆ. ಕೆಂಪು ಕಂಡೊಡನೆ "ನೀರು ಹೋಗಿದೆ, ವಾರಂಟಿ ಸಲ್ಲದು" ಎಂಬ ಉತ್ತರ ಬರುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಆಷಾಢದ ಗಾಳಿಯೇ ಒದ್ದೆ! ನೀರನ್ನು ತಡೆಯುವುದೆಂದು ಜಾಹೀರಾತು ಕೊಟ್ಟ ಫೋನಿಗೂ ವಾರಂಟಿ ಪತ್ರದಲ್ಲಿ ನೀರಿನ ಹಾನಿಯನ್ನು ಹೊರಗಿಟ್ಟಿರುವುದು ವಾಡಿಕೆ. ಆದುದರಿಂದ ಯಂತ್ರವನ್ನು ಒಪ್ಪಿಸುವಾಗಲೇ ಅದರ ಚಿತ್ರ ತೆಗೆಯಿಸಿ, ಚೀಟಿ ಬಿಳಿಯಾಗಿದ್ದರೆ ಹಾಗೆಂದು ಜಾಬ್‌ಶೀಟಿನಲ್ಲಿ ಬರೆಸಬೇಕು. ದೋಷವೇನು, ತಾರೀಕು ಯಾವುದು, ಎಷ್ಟನೆಯ ಸಲದ ದುರಸ್ತಿ, ಇವು ಅದರಲ್ಲಿರದಿದ್ದರೆ ಮೂರು ಸಲ ಅಲೆದುದಕ್ಕೂ ಸಾಕ್ಷಿಯಿಲ್ಲ.

ಅಷ್ಟಾದರೂ ಬದಲಿ ಕೊಡದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ದೂರಬಹುದು. ಅದಕ್ಕೂ ಜಗ್ಗದವರನ್ನು ಗ್ರಾಹಕ ಆಯೋಗದ ಮುಂದೆ ನಿಲ್ಲಿಸಬೇಕು. 1986ರ ಕಾಯಿದೆಯಂತೆ ಎದುರುಪಕ್ಷದವರ ಊರಿನಲ್ಲಿ, ಇಲ್ಲವೆ ದಾವೆಯ ಕಾರಣ ಹುಟ್ಟಿದ ಊರಿನಲ್ಲಿ ದೂರು ಹೂಡಬೇಕಾಗಿತ್ತು. 2019ರ ಕಾಯಿದೆಯು 2020ರ ಜುಲೈಯಲ್ಲಿ ಜಾರಿಗೆ ಬಂದಂದಿನಿಂದ ದೂರುಗಾರನು ವಾಸಿಸುವ ಜಿಲ್ಲೆಯೇ ಸಾಕು. ಎಲ್ಲಿಯೋ ಕುಳಿತ ಅಂತರ್ಜಾಲ ವ್ಯಾಪಾರಿಯಿಂದ ಫೋನು ತರಿಸಿದ ಪೆರಾಬೆಯವನಿಗೆ ಮಂಗಳೂರಿನ ಆಯೋಗವೇ ಸಾಕಾಗುವುದು. ಸಣ್ಣ ಬದಲಾವಣೆ ಎನ್ನಲಾಗದು. 5 ಲಕ್ಷ ರೂಪಾಯಿಯೊಳಗಿನ ಸರಕಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ದೂರು 2 ವರ್ಷದೊಳಗೆ ಬರಬೇಕು. ಕೆಂಪು ಚೀಟಿಯ ವಿವಾದವಿದ್ದರೆ ಯಂತ್ರವನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರವೂ ಆಯೋಗಕ್ಕುಂಟು. ಪರೀಕ್ಷೆ ಬೇಡವಾದರೆ 3 ತಿಂಗಳು, ಬೇಕಾದರೆ 5 ತಿಂಗಳು ಎಂದು ಕಾಯಿದೆ ಹೇಳುತ್ತದೆ; ಆಯೋಗಗಳ ಪಂಚಾಂಗ ಅಷ್ಟು ಚುರುಕಲ್ಲ.

ಸೇವಾ ಸಂಸ್ಥೆಗಳ ಮೇಲಿನ ದೂರಿಗೆ 2009ರ ಸುಪ್ರೀಂ ಕೋರ್ಟಿನ ತೀರ್ಪೊಂದು ಬಹುಕಾಲ ಅಡ್ಡ ನಿಂತಿತ್ತು. 2022ರಲ್ಲಿ ಅದೇ ನ್ಯಾಯಾಲಯವು ಗ್ರಾಹಕರ ಪರವಾಗಿ ಆ ಬಾಗಿಲನ್ನೂ ತೆರೆಯಿತು.

ಬದಲಿ ಯಂತ್ರ ಕೈಸೇರಿದ ಸಂತೋಷದಲ್ಲಿ ಹಲವರು ಮರೆಯುವುದೊಂದುಂಟು. ಪ್ರತಿಯೊಂದು ಫೋನಿಗೂ 15 ಅಂಕಿಗಳ ಐಎಂಇಐ ಸಂಖ್ಯೆ ಬೇರೆ. *#06# ಒತ್ತಿದರೆ ಕಾಣುತ್ತದೆ. ಹಳೆಯ ರಸೀತಿಯಲ್ಲಿರುವುದು ಹಳೆಯ ಯಂತ್ರದ ಸಂಖ್ಯೆ. ಹೊಸದನ್ನು ಬರೆಸಿ ಮೊಹರು ಒತ್ತಿಸಿಕೊಳ್ಳದೆ ಬಂದವರು, ಎರಡನೆಯದೂ ಕೈಕೊಟ್ಟಾಗ, ಈ ಯಂತ್ರ ತಮ್ಮದೇ ಎಂದು ಸಿದ್ಧಪಡಿಸುವುದಕ್ಕಾಗಿಯೇ ಇನ್ನೊಮ್ಮೆ ಬಸ್ಸು ಹತ್ತಬೇಕಾಗುತ್ತದೆ.