ಒಂದೇ ಪೆಟ್ಟಿಗೆ, ಎರಡು ಚಿರತೆ ಹಲ್ಲಿ

ಮಕ್ಕಳೇ, ಹಿರಿಯರೇ, ಹಲ್ಲಿ ಕಂಡರೆ ಪೊರಕೆ ಹುಡುಕುವವರು ನಾವು. ದುಡ್ಡು ಕೊಟ್ಟು ಹಲ್ಲಿ ತಂದು, ಅದಕ್ಕೆ ಮನೆ ಮಾಡಿ, ಕೈಯಾರೆ ಹುಳ ತಿನ್ನಿಸುವವರೂ ಇದ್ದಾರೆ ಎಂದರೆ ನಮ್ಮ ದೇಶನೂರಿನ ಕಟ್ಟೆಯ ಮೇಲೆ ಕೂತವರು ನಕ್ಕುಬಿಡುತ್ತಾರೆ. ಅಮೆರಿಕದ ಟೆಕ್ಸಾಸ್‌ನಲ್ಲಿರುವ ನನ್ನ ಮೊಮ್ಮಗಳು ಅಂಥವಳೇ. ಲೆಪರ್ಡ್ ಗೆಕ್ಕೊ ಎಂಬ ಹಲ್ಲಿಯ ಎರಡು ಮರಿಗಳನ್ನು ತಂದು ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ತಿಂಗಳು ಕಳೆದ ಮೇಲೆ ವಿಡಿಯೊ ಕರೆಯಲ್ಲಿ ಅವಳು ಕೇಳಿದ ಪ್ರಶ್ನೆ ಇದು: “ತಾತಾ, ಒಂದೇ ಮನೆ, ಒಂದೇ ಊಟ. ತಂದಾಗ ಎರಡೂ ನಾಲ್ಕು ನಾಲ್ಕು ಗ್ರಾಂ ಇದ್ದವು. ಈಗ ಒಂದು 9 ಗ್ರಾಂ, ಇನ್ನೊಂದು 5. ಯಾಕೆ?”

ಉತ್ತರಕ್ಕೆ ಮೊದಲು ಈ ಪ್ರಾಣಿಯ ಪರಿಚಯ ಆಗಲಿ. ಪಾಕಿಸ್ತಾನ, ಅಫ್ಘಾನಿಸ್ತಾನ ಮತ್ತು ವಾಯವ್ಯ ಭಾರತದ ಒಣ, ಕಲ್ಲುನೆಲ ಇದರ ತವರು. ಇಂಗ್ಲಿಷ್ ವಿಜ್ಞಾನಿ ಎಡ್ವರ್ಡ್ ಬ್ಲೈತ್ ಇದಕ್ಕೆ 1854ರಲ್ಲಿ ಶಾಸ್ತ್ರೀಯ ಹೆಸರಿಟ್ಟ. ಮರಿಯಾಗಿದ್ದಾಗ ಮೈತುಂಬ ಕಪ್ಪು-ಹಳದಿ ಪಟ್ಟೆ. ಬೆಳೆದಂತೆ ಪಟ್ಟೆ ಒಡೆದು ಚಿರತೆಯ ಚುಕ್ಕೆಗಳಾಗುತ್ತವೆ. ನಮ್ಮ ಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ, ಅದು ನಾಲಿಗೆಯಿಂದಲೇ ಕಣ್ಣೊರೆಸಿಕೊಳ್ಳುತ್ತದೆ. ಚಿರತೆ ಹಲ್ಲಿಗೆ ರೆಪ್ಪೆಯಿದೆ, ನಮ್ಮಂತೆಯೇ ಕಣ್ಣು ಮಿಟುಕಿಸುತ್ತದೆ. ಆದರೆ ಬೆರಳಡಿ ಅಂಟುವ ಪದರವಿಲ್ಲ; ನುಣುಪಾದ ಗೋಡೆ ಹತ್ತಲಾರದು. ದಪ್ಪ ಬಾಲವೇ ಅದರ ಕಣಜ. ಉಂಡು ಮಿಕ್ಕ ಕೊಬ್ಬನ್ನೆಲ್ಲ ಅಲ್ಲಿ ತುಂಬಿಟ್ಟುಕೊಂಡು, ಹುಳ ಸಿಗದ ದಿನಗಳಲ್ಲಿ ಅದರಿಂದಲೇ ಬದುಕುತ್ತದೆ. ಚೆನ್ನಾಗಿ ಸಾಕಿದರೆ 15–20 ವರ್ಷ ಬಾಳುತ್ತದೆ.

ಇನ್ನು ಪ್ರಶ್ನೆಗೆ ಬರೋಣ. ಉತ್ತರ ನಿಮ್ಮ ಮನೆಯ ಟ್ಯೂಬ್‌ಲೈಟಿನ ಹತ್ತಿರವೇ ಇದೆ. ಭತ್ತದ ಗದ್ದೆಗೆ ನೀರು ಬಿಟ್ಟ ಕಾಲದಲ್ಲಿ ನಮ್ಮೂರ ದೀಪಗಳಿಗೆ ಹುಳಗಳು ಮುತ್ತುತ್ತವಲ್ಲ, ಆಗ ಗೋಡೆ ನೋಡಿ. ದೀಪಕ್ಕೆ ತೀರ ಹತ್ತಿರ ಒಂದು ದೊಡ್ಡ ಹಲ್ಲಿ ಕೂತಿರುತ್ತದೆ. ಸಣ್ಣದೊಂದು ಹತ್ತಿರ ಬಂದರೆ ಸರ್ರನೆ ಅಟ್ಟಿಸಿಕೊಂಡು ಹೋಗುತ್ತದೆ. ಸಣ್ಣದು ತೊಲೆಯ ಸಂದಿಗೆ ಓಡಿ ಜೀವ ಉಳಿಸಿಕೊಳ್ಳುತ್ತದೆ. ಆದರೆ ಗಾಜಿನ ಪೆಟ್ಟಿಗೆಯಲ್ಲಿ ತೊಲೆಯೂ ಇಲ್ಲ, ಸಂದಿಯೂ ಇಲ್ಲ. ಸೋತದ್ದು ಗೆದ್ದದ್ದರ ಕಣ್ಣೆದುರೇ ಹಗಲಿರುಳು ಬದುಕಬೇಕು.

ಮರಿಗಳು ಬಡಿದಾಡಿದ್ದನ್ನು ಮೊಮ್ಮಗಳು ನೋಡಿಯೇ ಇರಲಿಲ್ಲ. “ಒಂದರ ಮೇಲೊಂದು ಮಲಗುತ್ತವೆ ತಾತಾ, ಎಷ್ಟು ಪ್ರೀತಿ!” ಎನ್ನುತ್ತಿದ್ದಳು. ಅಲ್ಲೇ ಇರುವುದು ಗುಟ್ಟು. ಇದು ತಣ್ಣೆತ್ತರ ಪ್ರಾಣಿ. ಮೈಗೆ ಸಾಕಷ್ಟು ಬಿಸಿ ಸಿಗದಿದ್ದರೆ ತಿಂದದ್ದು ಸರಿಯಾಗಿ ಅರಗದು. ಪೆಟ್ಟಿಗೆಯಲ್ಲಿ ಬೆಚ್ಚನೆಯ ಜಾಗ ಒಂದೇ ಇದ್ದರೆ ಇಬ್ಬರಿಗೂ ಅದೇ ಬೇಕು. ಬಲವಾದದ್ದು ಮೇಲೆ ಹತ್ತಿ ಕೂರುತ್ತದೆ. ನಮಗೆ ಅಪ್ಪುಗೆಯಂತೆ ಕಾಣುವುದು ಎಷ್ಟೋ ಸಲ ಜಾಗದ ಜಗಳ. ಹೆದರಿದ ಮರಿ ಊಟಕ್ಕೆ ಹೊರಗೆ ಬರುವುದಿಲ್ಲ. ಮೊದಲು ಬಾಲ ತೆಳ್ಳಗಾಗುತ್ತದೆ, ಆಮೇಲೆ ತೂಕ ನಿಲ್ಲುತ್ತದೆ. ಇನ್ನೂ ಮುಂದುವರಿದರೆ ಬೆರಳಿಗೆ, ಬಾಲಕ್ಕೆ ಕಚ್ಚುತ್ತವೆ. ಬಾಲ ಕಳಚಿ ಬಿದ್ದರೆ ಮತ್ತೆ ಬೆಳೆಯುತ್ತದೆ ನಿಜ, ಆದರೆ ಮೊದಲಿನ ಅಂದವಿಲ್ಲದೆ, ಮೊಂಡು ಮೂಲಂಗಿಯಂತೆ. ಕಣಜದ ಕಾಳೆಲ್ಲ ಒಂದೇ ದಿನ ಹೋದಂತೆ.

ಇನ್ನೊಂದು ತೊಡಕೂ ಇದೆ. ಈ ಹಲ್ಲಿಯಲ್ಲಿ ಗಂಡೋ ಹೆಣ್ಣೋ ಎಂಬುದನ್ನು ಮೊಟ್ಟೆಗೆ ಸಿಕ್ಕ ಶಾಖ ನಿರ್ಧರಿಸುತ್ತದೆ: 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚಿನವು ಹೆಣ್ಣು, 32–33ರಲ್ಲಿ ಹೆಚ್ಚಿನವು ಗಂಡು. ಮರಿಯನ್ನು ಬರಿಗಣ್ಣಿನಿಂದ ನೋಡಿ ಯಾವುದೆಂದು ಹೇಳಲಾಗದು. ಕೆಲವು ತಿಂಗಳಾದ ಮೇಲಷ್ಟೇ ಗಂಡಿನ ಹಿಂಗಾಲುಗಳ ನಡುವೆ ಸಣ್ಣ ರಂಧ್ರಗಳ ಸಾಲು ಎದ್ದು ಕಾಣುತ್ತದೆ. ಎರಡು ಗಂಡು ಒಟ್ಟಿಗಿದ್ದರೆ ರಕ್ತ ಹರಿಯುವ ಜಗಳ ಖಂಡಿತ. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸೀತೇ? ಗಂಡು ಹೆಣ್ಣು ಜೊತೆಗಿದ್ದರೆ ಹೆಣ್ಣು ಪೂರ್ತಿ ಬೆಳೆಯುವ ಮೊದಲೇ ಮೊಟ್ಟೆಯ ಭಾರ ಹೊರಬೇಕಾಗುತ್ತದೆ.

ಆದ್ದರಿಂದ ಸುರಕ್ಷಿತ ದಾರಿ ಒಂದೇ: ಒಂದು ಹಲ್ಲಿಗೆ ಒಂದು ಮನೆ. ಪ್ರತಿ ಮನೆಯಲ್ಲೂ ಒಂದು ತುದಿ 31–32 ಡಿಗ್ರಿ ಬೆಚ್ಚಗೆ, ಇನ್ನೊಂದು ತುದಿ 25ರ ಸುಮಾರಿಗೆ ತಂಪಾಗಿರಲಿ. ಎರಡೂ ಕಡೆ ಅಡಗಲು ಗೂಡು ಬೇಕು. ಪೊರೆ ಬಿಡುವಾಗ ನೆರವಾಗಲು ಒದ್ದೆ ಪಾಚಿಯೋ ಕಾಗದವೋ ಇರುವ ಮೂರನೆಯ ಗೂಡೂ ಬೇಕು; ಇಲ್ಲವಾದರೆ ಬೆರಳಲ್ಲಿ ಪೊರೆ ಸಿಕ್ಕಿಕೊಂಡು ಬೆರಳೇ ಹೋಗಬಹುದು. ಮರಿಗೆ ಮರಳು ಹಾಸಬೇಡಿ, ನುಂಗಿದರೆ ಕರುಳು ಕಟ್ಟುತ್ತದೆ, ಕಾಗದವೇ ಸಾಕು. ತಿನ್ನಲು ಕೊಡುವ ಹುಳ ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು, ಮೇಲೆ ಸುಣ್ಣಾಂಶದ ಪುಡಿ ಉದುರಿಸಿರಬೇಕು.

ಎರಡನೆಯ ಪೆಟ್ಟಿಗೆ ಬರುವ ತನಕ ಕೆಲವು ದಿನ ಒಟ್ಟಿಗೆ ಇಡಲೇಬೇಕಾದರೆ? ಒಂದೇ ಗಾತ್ರದ ಮರಿಗಳು ಮಾತ್ರ. ಗೂಡು, ನೀರಿನ ಬಟ್ಟಲು, ಬೆಚ್ಚನೆಯ ಜಾಗ ಎಲ್ಲವೂ ಎರಡೆರಡು. ಊಟ ಬೇರೆ ಬೇರೆ ಡಬ್ಬಿಯಲ್ಲಿ. ಅಡುಗೆಮನೆಯದಲ್ಲದ, ಬೇರೆಯೇ ಆದ ಗ್ರಾಂ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡುವುದು. ಒಂದರ ತೂಕ ಹಿಂದೆ ಬಿದ್ದರೆ, ಎಲ್ಲಾದರೂ ಕಚ್ಚಿದ ಗುರುತು ಕಂಡರೆ ಅಂದೇ ಬೇರೆ ಮಾಡುವುದು. ಹೊಸದಾಗಿ ತಂದ ಹಲ್ಲಿಯನ್ನಂತೂ ಹಳೆಯದರ ಬಳಿಗೆ ಬಿಡಲೇಬಾರದು. ಅದರ ಹೊಟ್ಟೆಯ ಹುಳ, ರೋಗ ಇದಕ್ಕೂ ಅಂಟುತ್ತವೆ.

ಮೊಮ್ಮಗಳು ಎರಡನೆಯ ಪೆಟ್ಟಿಗೆ ತಂದಳು. ಸಣಕಲು ಮರಿ ಮೂರು ವಾರದಲ್ಲಿ 8 ಗ್ರಾಂ ಮುಟ್ಟಿತು. ಅದಕ್ಕೆ ಔಷಧ ಬೇಕಿರಲಿಲ್ಲ, ತನ್ನದೇ ಆದ ಒಂದು ಮೂಲೆ ಬೇಕಿತ್ತು. “ಕೂಡಿ ಬಾಳಿ” ಎಂದು ಮಕ್ಕಳಿಗೆ ಹೇಳುತ್ತ ಬಂದ ನಮ್ಮಂಥ ಹಿರಿಯರಿಗೆ ಇದು ಸ್ವಲ್ಪ ಕಸಿವಿಸಿಯೇ. ಆದರೆ ಎಲ್ಲ ಜೀವಕ್ಕೂ ನಮ್ಮ ಗಾದೆ ಹೊಂದುವುದಿಲ್ಲ. ಯಾವ ಪ್ರಾಣಿಗೆ ಏನು ಬೇಕೋ ಅದನ್ನು ಕೊಡುವುದೇ ಪ್ರೀತಿ.

ಅಜ್ಜ ಅಜ್ಜಿಯರಿಗೊಂದು ಎಚ್ಚರಿಕೆ. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು, ಪೆಟ್ಟಿಗೆಯನ್ನು ಅಡುಗೆಮನೆಯಲ್ಲಿ ಇಡಬಾರದು. ಐದು ವರ್ಷದೊಳಗಿನ ಮಕ್ಕಳೂ 65 ದಾಟಿದವರೂ ಮುಟ್ಟದಿರುವುದೇ ಲೇಸು. ನಾನು ದೂರದಿಂದಲೇ ನೋಡುವವನು!

ಮಕ್ಕಳೇ, ಇದನ್ನು ಓದಿ ಗುಡ್ಡಕ್ಕೋ ಹೊಲಕ್ಕೋ ಹೋಗಿ ಹಲ್ಲಿ ಹಿಡಿಯಬೇಡಿ. ಚಿರತೆ ಹಲ್ಲಿಯ ಹತ್ತಿರದ ಬಂಧುಗಳು ಗುಜರಾತ್, ಮಹಾರಾಷ್ಟ್ರದ ಕಲ್ಲುನೆಲದಲ್ಲೂ ಇವೆ. ಅವು ಅಲ್ಲೇ ಇರಬೇಕಾದವು. ಅಮೆರಿಕದ ಅಂಗಡಿಯ ಮರಿಗಳು ತಲೆಮಾರುಗಳಿಂದ ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದಂಥವು. ನಿಮಗೆ ಗೋಡೆಯ ಹಲ್ಲಿಗಳೇ ಪುಕ್ಕಟೆ ಪಾಠ. ಈ ವಾರ ಮೂರು ರಾತ್ರಿ, ಅರ್ಧ ಗಂಟೆ ದೀಪದ ಹತ್ತಿರದ ಹಲ್ಲಿಗಳನ್ನು ಎಣಿಸಿ. ದೀಪದ ಜಾಗ ಯಾರದ್ದು? ಯಾರು ಯಾರನ್ನು ಅಟ್ಟಿದರು? ಓಡಿದ್ದು ಎಲ್ಲಿ ಅಡಗಿತು? ಒಂದು ಚಿತ್ರ ಬರೆದು ಗುರುತು ಹಾಕಿ, ಅಜ್ಜ ಅಜ್ಜಿಗೆ ತೋರಿಸಿ, ನನಗೂ ಬರೆದು ಕಳಿಸಿ.