ಜಗಳದ ಫಸಲು ಯಾರ ಕಣಜಕ್ಕೆ?

ಟೆಲಿವಿಷನ್ನಿನ ರಿಯಾಲಿಟಿ ಷೋಗಳಲ್ಲಿ ಬಾಯಿಬಡುಕರಿಗೇ ಮಣೆ ಏಕೆಂದು ಕೇಳಿದರೆ, "ಜನ ಬಯಸುವುದೇ ಅದನ್ನು" ಎನ್ನುತ್ತಾರೆ ವಾಹಿನಿಗಳ ಒಡೆಯರು. ಸಾರಾಯಿ ಗುತ್ತಿಗೆದಾರನೂ ಹಿಂದೆ ಇದೇ ಮಾತನ್ನಾಡುತ್ತಿದ್ದ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ.

1999ರಲ್ಲಿ ಹಾಲೆಂಡಿನಲ್ಲಿ ಹುಟ್ಟಿದ "ಬಿಗ್ ಬ್ರದರ್" ಆಟ, "ಬಿಗ್ ಬಾಸ್" ಎಂಬ ಹೆಸರಿನಿಂದ 2006ರಲ್ಲಿ ಹಿಂದಿಗೂ 2013ರಲ್ಲಿ ಕನ್ನಡಕ್ಕೂ ಬಂತು. ಅದರ ಏರ್ಪಾಡನ್ನು ನೋಡಿ. ಹತ್ತಾರು ಮಂದಿಯನ್ನು ಒಂದು ಮನೆಯಲ್ಲಿ ಕೂಡಿಹಾಕುತ್ತಾರೆ. ಗಡಿಯಾರವಿಲ್ಲ, ಪತ್ರಿಕೆಯಿಲ್ಲ, ದೂರವಾಣಿಯಿಲ್ಲ. ದಿನಸಿಯನ್ನು ಪಂದ್ಯಕ್ಕೆ ಒಡ್ಡುತ್ತಾರೆ. ಹೊರದೂಡಬೇಕಾದವರ ಹೆಸರನ್ನು ಜೊತೆಯವರೇ ಹೇಳಬೇಕು. ಹಗಲಿರುಳು ಕ್ಯಾಮೆರಾ ಹಿಡಿದದ್ದರಲ್ಲಿ ಗಂಟೆಯಷ್ಟನ್ನು ಆಯ್ದು ತೋರಿಸುತ್ತಾರೆ. ಸಮಾಧಾನದಿಂದ ಅಡುಗೆ ಮಾಡಿದವನು ಕತ್ತರಿಗೆ ಬೀಳುತ್ತಾನೆ. ತಟ್ಟೆ ಎಸೆದವನು ಉಳಿಯುತ್ತಾನೆ. ಅಲ್ಲಿ ಸಂತರನ್ನಿಟ್ಟರೂ ಜಗಳವಾಡಿಯಾರು!

ಇದು ಮನುಷ್ಯಸ್ವಭಾವದ ಮಾತಲ್ಲ, ಲೆಕ್ಕದ ಮಾತು. ಕಥೆಗೆ ಬರೆಯುವವನು ಬೇಕು, ಅವನಿಗೆ ಕೂಲಿ ಬೇಕು. ಜಗಳ ತನ್ನ ಕಥೆಯನ್ನು ತಾನೇ ಬರೆದುಕೊಳ್ಳುತ್ತದೆ. 2007ರ ನವೆಂಬರಿನಲ್ಲಿ ಅಮೆರಿಕದ ಚಿತ್ರಕಥೆ ಲೇಖಕರು ಮುಷ್ಕರ ಹೂಡಿದರು. ಆಗ ಸಿ.ಬಿ.ಎಸ್. ಕಂಪನಿ, ಬೇಸಗೆಯಲ್ಲಿ ತೋರಿಸುತ್ತಿದ್ದ "ಬಿಗ್ ಬ್ರದರ್" ಅನ್ನು 2008ರ ಫೆಬ್ರವರಿಯ ಚಳಿಯಲ್ಲೇ ಕಣಕ್ಕಿಳಿಸಿತು. ಲೇಖಕನ ಜಾಗಕ್ಕೆ ಜಗಳ ಬಂತು.

ಇನ್ನು ಬೆಲೆ ತೆರುವವರು ಯಾರು? 2007ರ ಜನವರಿಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿಯವರನ್ನು ಇಂಗ್ಲೆಂಡಿನ ಇಂಥದೇ ಮನೆಯಲ್ಲಿ ಜನಾಂಗದ ಹೆಸರೆತ್ತಿ ಹೀಯಾಳಿಸಿದರು. ನಿಯಂತ್ರಣ ಮಂಡಲಿಗೆ 40,000ಕ್ಕೂ ಮಿಕ್ಕಿ ದೂರುಗಳು ಬಂದವು. ನೋಡುವವರ ಸಂಖ್ಯೆಯೂ ಏರಿತು, ಆಟ ನಿಲ್ಲಲಿಲ್ಲ. ಬೈದವರಲ್ಲೊಬ್ಬಳಾದ ಜೇಡ್ ಗೂಡಿ ಲಂಡನ್ನಿನ ಬಡ ಮನೆಯ ಮಗಳು. 2002ರಲ್ಲಿ ಅವಳ ಒರಟುತನವನ್ನು ಮಾರಿಕೊಂಡದ್ದೂ ಇದೇ ಆಟ. ಅವಳಾಡಿದ್ದು ಹೇಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಗುಳೆಲ್ಲ ಅವಳ ಮುಖಕ್ಕೆ ಬಿತ್ತು, ಜಾಹೀರಾತಿನ ಹಣ ಒಡೆಯರ ಪೆಟ್ಟಿಗೆಗೆ ಬಿತ್ತು.

ಆದುದರಿಂದ ಸ್ಪರ್ಧಿಯನ್ನು ಬೈದು ಕೈ ತೊಳೆದುಕೊಳ್ಳುವುದು ಸಲ್ಲದು. ಅಂದು ಜನರ ಸಿಟ್ಟು ಕಂಡು ಪ್ರಾಯೋಜಕ ಕಂಪನಿ ಹಿಂದೆ ಸರಿಯಿತು. ನಮ್ಮ ಕೈಯಲ್ಲಿರುವ ಅಸ್ತ್ರವೂ ಅದೇ: ಜಗಳಕ್ಕೆ ಹಣ ಹೂಡುವವರ ಸರಕನ್ನು ಕೊಳ್ಳದಿರುವುದು. ಕುಡಿಯುವ ನೀರಿಗಾಗಿ, ಬಾಕಿ ಕೂಲಿಗಾಗಿ ಬೀದಿಯಲ್ಲಿ ನಡೆಯುವ ಜಗಳದ ಕಡೆ ಆ ಕ್ಯಾಮೆರಾಗಳು ಎಷ್ಟು ಹೊತ್ತು ತಿರುಗುತ್ತವೆ? ಓದುಗರೇ ಲೆಕ್ಕ ಹಾಕಲಿ.